ಭಾರದ ನ್ಯೂಟ್ರಿನೊ ಎಲ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಣವನ್ನು ಕುರಿತವು. ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ಎಲ್‌ಎಚ್‌ಸಿ ಯಂತ್ರದಲ್ಲಿ ವರ್ಷಗಟ್ಟಲೆ ಹುಡುಕುತ್ತಿದ್ದರೂ ಇನ್ನೂ ಸಿಗದ ಭಾರದ ನ್ಯೂಟ್ರಿನೊ ಅದು. ಚಾರ್ಜಿಲ್ಲದ, ಬಹಳ ಹಗುರವಾದ ನ್ಯೂಟ್ರಿನೊ ಕಣಕ್ಕೆ ಇರಬಹುದಾದ ಭಾರದ ಜೋಡಿ. ಪ್ರಯೋಗ ಮಾಡುವವರು ಅದನ್ನು ಹೆವಿ ನ್ಯೂಟ್ರಲ್ ಲೆಪ್ಟಾನ್ ಎನ್ನುತ್ತಾರೆ. ಇಲ್ಲಿ ಚುಟುಕಾಗಿ ‘ಎನ್’ ಎಂದು ಕರೆಯೋಣ.

ಪ್ರಶ್ನೆ: ನ್ಯೂಟ್ರಿನೊಗಳಿಗೆ ತೂಕವಿದೆ ಎಂದು 1998ರಲ್ಲೇ ಗೊತ್ತಾಗಿದೆಯಲ್ಲ. ಯಾರೂ ಕಾಣದ ಇನ್ನೊಂದು ನ್ಯೂಟ್ರಿನೊ ಮತ್ತೆ ಯಾಕೆ ಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತೂಕವಿದೆ ಎಂದು ಗೊತ್ತಾದ ಮೇಲೇ ತಲೆನೋವು ಶುರುವಾಗಿದ್ದು. ನ್ಯೂಟ್ರಿನೊಗಳು ಹೋಗುವ ದಾರಿಯಲ್ಲೇ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗುತ್ತವೆ ಎಂದು ಜಪಾನಿನ ಸೂಪರ್-ಕಾಮಿಯೊಕಾಂಡೆ ತೋರಿಸಿತು. ತೂಕವಿಲ್ಲದ ಕಣಕ್ಕೆ ಅದು ಸಾಧ್ಯವಿಲ್ಲ. ಮೂರು ನ್ಯೂಟ್ರಿನೊಗಳಲ್ಲಿ ಅತಿ ಭಾರದ್ದು ಕನಿಷ್ಠ 0.05 ಎಲೆಕ್ಟ್ರಾನ್‌ವೋಲ್ಟ್ ತೂಗಬೇಕು. ಜರ್ಮನಿಯ ಕಾಟ್ರಿನ್ ಪ್ರಯೋಗ 2025ರಲ್ಲಿ ಕೊಟ್ಟ ಮೇಲ್ಮಿತಿ 0.45. ಎಲೆಕ್ಟ್ರಾನ್ ತೂಗುವುದು 5,11,000. ಇಷ್ಟು ದೊಡ್ಡ ಅಂತರ ಸುಮ್ಮನೆ ಬಂದಿರಲಾರದು ಎಂಬ ಗುಮಾನಿ ಭೌತವಿಜ್ಞಾನಿಗಳದು.

ಉಳಿದ ದ್ರವ್ಯಕಣಗಳಿಗೆ ಎಡಮುರಿ, ಬಲಮುರಿ (ಗಿರಕಿಯ ದಿಕ್ಕಿನಿಂದ ಬಂದ ಹೆಸರು) ಎರಡೂ ರೂಪಗಳಿವೆ. ಹಿಗ್ಸ್ ಕ್ಷೇತ್ರ ಅವೆರಡನ್ನೂ ಜೋಡಿಸಿ ತೂಕ ಕೊಡುತ್ತದೆ. ನ್ಯೂಟ್ರಿನೊದ ಬಲಮುರಿ ರೂಪವನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ. ಅಂಥದ್ದೊಂದು ಇದ್ದರೆ ಅದಕ್ಕೆ ಚಾರ್ಜ್ ಇರುವುದಿಲ್ಲ, ಗುರುತ್ವ ಬಿಟ್ಟರೆ ಯಾವ ಬಲವೂ ನೇರವಾಗಿ ತಟ್ಟುವುದಿಲ್ಲ. ಹಾಗಾಗಿ ಹಿಗ್ಸ್‌ನ ಹಂಗಿಲ್ಲದೆ ಅದು ಸ್ವಂತ ತೂಕ ಹೊಂದಿರಬಹುದು. ಆಗ ಸೀಸಾ (ಮಕ್ಕಳು ಕೂತು ಆಡುವ ಏರಿಳಿತದ ಹಲಗೆ) ಸೂತ್ರ ಬರುತ್ತದೆ: ಹಿಗ್ಸ್‌ನಿಂದ ಬಂದ ತೂಕದ ವರ್ಗವನ್ನು ಬಲಮುರಿಯ ತೂಕದಿಂದ ಭಾಗಿಸಿದರೆ ನಮಗೆ ಕಾಣುವ ನ್ಯೂಟ್ರಿನೊದ ತೂಕ. ಬಲಮುರಿ ಭಾರವಾದಷ್ಟೂ ಎಡಮುರಿ ಹಗುರ. 1977ರಲ್ಲಿ ಪೀಟರ್ ಮಿಂಕೋವ್‌ಸ್ಕಿ ಇದನ್ನು ಬರೆದರು. 1979–80ರ ಹೊತ್ತಿಗೆ ಹಲವರು ತಮ್ಮ ತಮ್ಮ ದಾರಿಯಲ್ಲಿ ಇಲ್ಲಿಗೇ ಬಂದರು. ಒಡಿಶಾ ಮೂಲದ ರವೀಂದ್ರನಾಥ ಮೊಹಾಪಾತ್ರ ಮತ್ತು ಗೊರಾನ್ ಸೆಂಜಾನೊವಿಚ್ ಅವರಲ್ಲಿ ಇಬ್ಬರು.

ಹಿಗ್ಸ್ ಕೊಟ್ಟ ತೂಕ 100 ಜಿಇವಿ ಎಂದಿಟ್ಟುಕೊಂಡರೆ (1 ಜಿಇವಿ ಎಂದರೆ 100 ಕೋಟಿ ಎಲೆಕ್ಟ್ರಾನ್‌ವೋಲ್ಟ್, ಒಂದು ಪ್ರೋಟಾನಿಗಿಂತ ತುಸು ಹೆಚ್ಚು) ಬಲಮುರಿಯ ತೂಕ 2ರ ಮುಂದೆ 14 ಸೊನ್ನೆಯಷ್ಟು ಜಿಇವಿ ಆಗುತ್ತದೆ. ಎಲ್‌ಎಚ್‌ಸಿಯ ಡಿಕ್ಕಿಯ ಶಕ್ತಿ 13,600 ಜಿಇವಿ. ಹಾಗಾದರೆ ಹುಡುಕಿ ಫಲವಿಲ್ಲ. ಆದರೆ ಆ 100 ಎಂಬ ಅಂಕಿಗೆ ಯಾವ ನಿಯಮದ ಬಲವೂ ಇಲ್ಲ. ಅದು ಚಿಕ್ಕದಾದರೆ ‘ಎನ್’ ಕೆಲವೇ ಜಿಇವಿ ತೂಗಬಹುದು. ಹಾಗೆ ಹಗುರವಾದ ಬಲಮುರಿಗಳಿಂದಲೇ ವಿಶ್ವದಲ್ಲಿ ಪ್ರತಿದ್ರವ್ಯ ಕಾಣದಿರುವುದನ್ನೂ ವಿವರಿಸಬಹುದು ಎಂದು 2005ರಲ್ಲಿ ಅಸಾಕಾ ಮತ್ತು ಶಪೋಶ್ನಿಕೋವ್ ತೋರಿಸಿದ ಮೇಲೆ ಕೊಲೈಡರ್‌ನವರ ಆಸಕ್ತಿ ಹೆಚ್ಚಿತು.

ಪ್ರಶ್ನೆ: ಎಲ್‌ಎಚ್‌ಸಿಯಲ್ಲಿ ಈ ಕಣ ಎಷ್ಟು ಹುಟ್ಟಬಹುದು? ತರಗತಿಯಲ್ಲಿ ಹೇಳುವಂಥ ಒಂದು ಅಂದಾಜು ಲೆಕ್ಕ ಕೊಡಿ.
– ಭೌತವಿಜ್ಞಾನ ಉಪನ್ಯಾಸಕರು, ಮೈಸೂರು

ಉತ್ತರ: ದುರ್ಬಲ ಬಲವನ್ನು ಒಯ್ಯುವ ಡಬ್ಲ್ಯು ಬೋಸಾನಿನಿಂದ ಶುರು ಮಾಡಿ. 80.4 ಜಿಇವಿ ತೂಗುವ ಅದು ಒಡೆದು ಮ್ಯೂಆನ್ (ಎಲೆಕ್ಟ್ರಾನಿನ ಭಾರದ ಬಂಧು) ಮತ್ತು ನ್ಯೂಟ್ರಿನೊ ಆಗಬಲ್ಲದು. 13 ಟಿಇವಿಯಲ್ಲಿ (1 ಟಿಇವಿ ಎಂದರೆ 1,000 ಜಿಇವಿ) ಈ ಕ್ರಿಯೆಯ ಅಡ್ಡಕೊಯ್ತ, ಅಂದರೆ ಅದು ನಡೆಯುವ ಸಾಧ್ಯತೆಯ ಅಳತೆ, ಸುಮಾರು 20 ನ್ಯಾನೋಬಾರ್ನ್. 2015ರಿಂದ 2018ರವರೆಗೆ ಅಲ್ಲಿನ ಎರಡು ದೊಡ್ಡ ಪ್ರಯೋಗಗಳಾದ ಅಟ್ಲಾಸ್ ಮತ್ತು ಸಿಎಂಎಸ್ ತಲಾ ಸುಮಾರು 140 ವಿಲೋಮ ಫೆಮ್ಟೋಬಾರ್ನ್ (ಎಷ್ಟು ಡಿಕ್ಕಿ ನಡೆದವು ಎಂಬುದರ ಅಳತೆ; 1 ನ್ಯಾನೋಬಾರ್ನ್ ಎಂದರೆ 10 ಲಕ್ಷ ಫೆಮ್ಟೋಬಾರ್ನ್) ದತ್ತಾಂಶ ಕೂಡಿಸಿದವು. ಗುಣಿಸಿದರೆ ಒಂದೊಂದು ಪ್ರಯೋಗಕ್ಕೂ ಇಂಥ 280 ಕೋಟಿ ಡಬ್ಲ್ಯುಗಳು.

ನ್ಯೂಟ್ರಿನೊದಲ್ಲಿ ‘ಎನ್’ನ ಬೆರಕೆ ಎಷ್ಟಿದೆಯೋ ಆ ಪಾಲಿನಲ್ಲಿ ನ್ಯೂಟ್ರಿನೊದ ಬದಲು ‘ಎನ್’ ಹೊರಡುತ್ತದೆ. ಈ ಪಾಲನ್ನು ಮಿಶ್ರಣ ಎನ್ನೋಣ. ಮಿಶ್ರಣ 10 ಲಕ್ಷಕ್ಕೆ 1 ಇದ್ದರೆ 2,800 ‘ಎನ್’ ಹುಟ್ಟುತ್ತವೆ. ಚಾರ್ಜ್ ಇರುವ ಎರಡು ಲೆಪ್ಟಾನ್ (ಎಲೆಕ್ಟ್ರಾನ್, ಮ್ಯೂಆನ್ ಅಥವಾ ಅವುಗಳಿಗಿಂತ ಭಾರದ ಟಾವ್) ಮತ್ತು ಒಂದು ನ್ಯೂಟ್ರಿನೊ ಆಗಿ ಒಡೆಯುವಂಥವು ಸುಮಾರು ಕಾಲು ಭಾಗ, ಅಂದರೆ 700. ‘ಎನ್’ ಜೊತೆ ಹುಟ್ಟಿದ ಮೊದಲ ಮ್ಯೂಆನ್ ಟ್ರಿಗರಿನ (ಯಾವ ಘಟನೆ ಉಳಿಸಬೇಕೆಂದು ಕ್ಷಣದಲ್ಲೇ ಆರಿಸುವ ವ್ಯವಸ್ಥೆ) ಮಿತಿ ದಾಟಿ ಡಿಟೆಕ್ಟರಿನ ವ್ಯಾಪ್ತಿಯೊಳಗೆ ಬರುವುದಕ್ಕೆ ಮೂರರಲ್ಲೊಂದು, ಉಳಿದೆರಡು ಲೆಪ್ಟಾನುಗಳ ಗೆರೆಗಳನ್ನೂ (ಡಿಟೆಕ್ಟರಿನಲ್ಲಿ ಅವು ಹಾದ ದಾರಿಗಳನ್ನೂ) ಸರಿಯಾಗಿ ಕಟ್ಟಲು ಹತ್ತರಲ್ಲೊಂದು ಎಂದು ಒರಟಾಗಿ ಹಿಡಿಯಿರಿ. ಕೈಗೆ ಸಿಗುವುದು ಇಪ್ಪತ್ತು ಚಿಲ್ಲರೆ. ಕೊನೆಯ ಎರಡು ಪಾಲುಗಳು ತೂಕದೊಂದಿಗೆ ವಿಪರೀತ ಬದಲಾಗುತ್ತವೆ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬೇಡಿ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಸರಳ ಸೀಸಾದ ಪ್ರಕಾರ ಮಿಶ್ರಣ ಎಂದರೆ ಹಗುರ ನ್ಯೂಟ್ರಿನೊದ ತೂಕ ಭಾಗಿಸು ‘ಎನ್’ನ ತೂಕ. 10 ಜಿಇವಿಯ ‘ಎನ್’ಗೆ ಅದು ಲಕ್ಷ ಕೋಟಿಗೆ 5. ಆಗ 280 ಕೋಟಿ ಡಬ್ಲ್ಯುಗಳಿಂದ ಒಂದು ‘ಎನ್’ ಕೂಡ ಹುಟ್ಟದು. ಎಲ್‌ಎಚ್‌ಸಿ ಮುಟ್ಟಬಲ್ಲದ್ದು ಇದಕ್ಕಿಂತ ಲಕ್ಷ ಪಟ್ಟು ದೊಡ್ಡ ಮಿಶ್ರಣವನ್ನು. ಅಷ್ಟು ದೊಡ್ಡ ಮಿಶ್ರಣವಿದ್ದೂ ನ್ಯೂಟ್ರಿನೊ ಹಗುರವಾಗಿ ಉಳಿಯಬೇಕಾದರೆ ಎರಡು ‘ಎನ್’ಗಳು ಹೆಚ್ಚೂಕಡಿಮೆ ಒಂದೇ ತೂಕವಿದ್ದು ಒಂದರ ಪರಿಣಾಮವನ್ನು ಇನ್ನೊಂದು ಅಳಿಸಬೇಕು. ಅಂಥ ಮಾದರಿಗಳಿವೆ, ಅವು ಅಸಂಬದ್ಧವೂ ಅಲ್ಲ. ಆದರೆ ‘ಎಲ್‌ಎಚ್‌ಸಿ ಸೀಸಾವನ್ನು ಪರೀಕ್ಷಿಸುತ್ತಿದೆ’ ಎಂಬ ತಲೆಬರಹ ಕಂಡರೆ ಅದರಲ್ಲಿ ಅರ್ಧದಷ್ಟನ್ನು ಮಾತ್ರ ನಂಬಿ.

ಪ್ರಶ್ನೆ: ‘ಎನ್’ ಡಿಕ್ಕಿಯಾದ ಜಾಗದಿಂದ ಸ್ವಲ್ಪ ದೂರ ಹೋಗಿ ಒಡೆಯುತ್ತದೆ ಎಂದು ಓದಿದೆ. ಎಷ್ಟು ದೂರ? ಅದನ್ನು ಹಿಡಿಯುವುದು ಹೇಗೆ? ಬೇರೆ ಕಣಗಳೂ ಹೀಗೆ ದೂರ ಹೋಗಿ ಒಡೆಯುವುದಿಲ್ಲವೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಮೂರು ಪ್ರಶ್ನೆಗಳೂ ಒಳ್ಳೆಯವು. ಇಡೀ ಹುಡುಕಾಟದ ತಿರುಳೇ ಇದು.

‘ಎನ್’ ಒಡೆಯುವುದೂ ಅದೇ ಮಿಶ್ರಣದ ಮೂಲಕ. ಆದ್ದರಿಂದ ಮಿಶ್ರಣ ಚಿಕ್ಕದಾದಷ್ಟೂ ಹುಟ್ಟುವುದು ಕಡಿಮೆ, ಹುಟ್ಟಿದ್ದು ಬದುಕುವುದು ಜಾಸ್ತಿ. ತೂಕದ ಪ್ರಭಾವ ಇದಕ್ಕಿಂತ ತೀಕ್ಷ್ಣ: ಆಯಸ್ಸು ತೂಕದ ಐದನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಮಿಶ್ರಣವನ್ನು 10 ಲಕ್ಷಕ್ಕೆ 1 ಎಂದು ಹಿಡಿದು, ಡಬ್ಲ್ಯುವಿನಿಂದ ಬಂದ ‘ಎನ್’ಗೆ ಸುಮಾರು 40 ಜಿಇವಿ ಶಕ್ತಿ ಇರುತ್ತದೆ ಎಂದು ಲೆಕ್ಕ ಹಾಕಿದರೆ, 5 ಜಿಇವಿಯದು ಸರಾಸರಿ ಎರಡೂವರೆ ಮೀಟರ್ ಹೋಗುತ್ತದೆ, 10 ಜಿಇವಿಯದು ಮೂರೂವರೆ ಸೆಂಟಿಮೀಟರ್, 20 ಜಿಇವಿಯದು ಅರ್ಧ ಮಿಲಿಮೀಟರಿಗೂ ಕಡಿಮೆ. ತೂಕ ನಾಲ್ಕು ಪಟ್ಟಾಗುವಷ್ಟರಲ್ಲಿ ದೂರ ಐದು ಸಾವಿರ ಪಟ್ಟು ಕುಸಿಯಿತು.

ಅಟ್ಲಾಸ್ ಇಂಥ ಕವಲುಗಳನ್ನು (ಕಣ ಒಡೆದು ಗೆರೆಗಳು ಹೊರಡುವ ಜಾಗಗಳನ್ನು) ಹುಡುಕಿದ್ದು ಕಿರಣರೇಖೆಯಿಂದ 4 ಮಿಲಿಮೀಟರ್‌ನಿಂದ 300 ಮಿಲಿಮೀಟರ್‌ವರೆಗಿನ ಪಟ್ಟಿಯಲ್ಲಿ. 10 ಜಿಇವಿಯ ‘ಎನ್’ಗಳಲ್ಲಿ ಹತ್ತಕ್ಕೆ ಒಂಬತ್ತು ಈ ಪಟ್ಟಿಯೊಳಗೇ ಒಡೆಯುತ್ತವೆ. 5 ಜಿಇವಿಯವು ನೂರಕ್ಕೆ 11 ಮಾತ್ರ, ಉಳಿದವು ಹೊರಗೆ ಹೋಗಿಬಿಡುತ್ತವೆ. 20 ಜಿಇವಿಯವು 10 ಸಾವಿರಕ್ಕೆ ಒಂದೆರಡು. ಅವು 4 ಮಿಲಿಮೀಟರಿನ ಒಳಗೇ ಒಡೆದು, ಬಿ-ಕ್ವಾರ್ಕ್ ಇರುವ ಕಣಗಳ ಕವಲುಗಳ ನಡುವೆ ಕಳೆದುಹೋಗುತ್ತವೆ. 

ಹಿಡಿಯುವ ಕೆಲಸದಲ್ಲಿ ಮೊದಲ ಅಡಚಣೆ ಟ್ರಿಗರ್. ಸೆಕೆಂಡಿಗೆ 4 ಕೋಟಿ ಸಲ ಪ್ರೋಟಾನ್ ಗೊಂಚಲುಗಳು ಒಂದನ್ನೊಂದು ಹಾಯುತ್ತವೆ. ಉಳಿಸಿಕೊಳ್ಳುವುದು ಸಾವಿರದಿಂದ ಕೆಲವು ಸಾವಿರದಷ್ಟನ್ನು. ‘ಎನ್’ನಿಂದ ಬಂದ ಲೆಪ್ಟಾನುಗಳು 40 ಜಿಇವಿಯನ್ನು ಮೂರು ಪಾಲು ಮಾಡಿಕೊಂಡಿರುತ್ತವೆ, ತಲಾ 13ರ ಸುಮಾರು. ಅಟ್ಲಾಸ್‌ನ ಒಂಟಿ ಮ್ಯೂಆನ್ ಟ್ರಿಗರಿನ ಮಿತಿ 2018ರ ಹೊತ್ತಿಗೆ 26 ಇತ್ತು. ಹಾಗಾಗಿ ‘ಎನ್’ ಜೊತೆಯಲ್ಲೇ ಹುಟ್ಟಿ ಡಿಕ್ಕಿಯ ಜಾಗದಿಂದಲೇ ಹೊರಟ ಮೊದಲ ಮ್ಯೂಆನ್ ಅಥವಾ ಎಲೆಕ್ಟ್ರಾನ್ ಟ್ರಿಗರನ್ನು ಎಬ್ಬಿಸಬೇಕು. ‘ಎನ್’ ಬರೇ ಟಾವ್ ಜೊತೆ ಬೆರೆಯುವುದಾದರೆ ಈ ಅನುಕೂಲ ಬಹುಮಟ್ಟಿಗೆ ಹೋಯಿತು. ಟಾವ್‌ನ ಮಿತಿಗಳು ಸಡಿಲವಾಗಿರುವುದು ಇದೇ ಕಾರಣಕ್ಕೆ.

ಎರಡನೆಯದು ಗೆರೆ ಕಟ್ಟುವ ಸಾಫ್ಟ್‌ವೇರ್. ಗಣನೆಯ ಸಮಯ ಉಳಿಸಲೆಂದು ಅದು ಕಿರಣರೇಖೆಯ ಹತ್ತಿರದಿಂದ ಬಂದಂತೆ ಕಾಣುವ ಗೆರೆಗಳನ್ನಷ್ಟೇ ಕಟ್ಟುತ್ತದೆ. ಅಟ್ಲಾಸ್‌ನಲ್ಲಿ 2018ರವರೆಗೆ ಈ ಅಂತರದ ಮಿತಿ 10 ಮಿಲಿಮೀಟರ್. ದೂರದ ಕವಲಿನ ಗೆರೆಗಳಿಗೆಂದು ಉಳಿದ ಚುಕ್ಕೆಗಳ ಮೇಲೆ ಇನ್ನೊಂದು ಸುತ್ತು ಓಡಿಸಿ 300 ಮಿಲಿಮೀಟರ್‌ವರೆಗೆ ಹೋಗುತ್ತಾರೆ. ಆಗ ಅದು ಎಷ್ಟು ನಿಧಾನವಾಗಿತ್ತೆಂದರೆ ಆಯ್ದ ಸಣ್ಣ ಪಾಲಿನ ಮೇಲೆ ಮಾತ್ರ ಓಡಿಸಬೇಕಿತ್ತು. ಸುಳ್ಳು ಗೆರೆಗಳನ್ನು ಬೇಗ ಕೈಬಿಡುವಂತೆ ತಿದ್ದಿದ ಮೇಲೆ, 2022ರಲ್ಲಿ ಶುರುವಾದ ಓಟದಿಂದ ಎಲ್ಲ ದತ್ತಾಂಶದ ಮೇಲೂ ಓಡುತ್ತಿದೆ. ಹೊಸ ಕಾಂತ, ಹೊಸ ಸಿಲಿಕಾನ್ ಯಾವುದೂ ಇಲ್ಲದೆ ಸಿಕ್ಕ ಲಾಭ ಇದು. ನಮ್ಮ ಮಟ್ಟಿಗೆ ಈ ಹುಡುಕಾಟದಲ್ಲಿ ಈಚೆಗೆ ಆದ ದೊಡ್ಡ ಸುಧಾರಣೆ ಇದೇ.

ಇನ್ನು ಮೋಸ ಮಾಡುವ ಕಣಗಳು. ಕೆ-ಶಾರ್ಟ್ ಸರಾಸರಿ 2.7 ಸೆಂಟಿಮೀಟರ್ (ವೇಗದಿಂದ ಬರುವ ಹೆಚ್ಚಳ ಬಿಟ್ಟು), ಲ್ಯಾಂಬ್ಡಾ 7.9 ಸೆಂಟಿಮೀಟರ್ ಹೋಗಿ ಒಡೆಯುತ್ತವೆ. ಅವುಗಳ ತೂಕ ಕ್ರಮವಾಗಿ 0.5 ಮತ್ತು 1.1 ಜಿಇವಿ. ಬಿ-ಕಣಗಳಿಂದ ಬರುವ ಜೆ-ಸೈ 3.1. ಕವಲಿನ ಎರಡು ಗೆರೆಗಳಿಂದ ಲೆಕ್ಕ ಹಾಕಿದ ತೂಕ ಕೆಲವು ಜಿಇವಿಗಿಂತ ಹೆಚ್ಚಿರಲಿ ಎಂದು ಕೇಳಿದರೆ ಇವೆಲ್ಲ ಹೊರಬೀಳುತ್ತವೆ. ಅದರ ಬೆಲೆ ಎಂದರೆ 3 ಜಿಇವಿಗಿಂತ ಕೆಳಗಿನ ‘ಎನ್’ ಕೂಡ ಹೊರಬೀಳುತ್ತದೆ. ಕಾಸ್ಮಿಕ್ ಮ್ಯೂಆನ್ ಒಂದು ಮೇಲಿನಿಂದ ನೇರ ಹಾದುಹೋದರೆ, ಬೆನ್ನಿಗೆ ಬೆನ್ನು ಮಾಡಿ ಹೊರಟ ಎರಡು ಮ್ಯೂಆನುಗಳಂತೆ ಕಾಣುತ್ತದೆ. ಅಂಥ ಜೋಡಿಗಳನ್ನು ನೇರವಾಗಿ ತೆಗೆದುಹಾಕುತ್ತಾರೆ.

ಅತಿ ಕಿರಿಕಿರಿಯದು ಡಿಟೆಕ್ಟರೇ. ಸಾಮಾನ್ಯ ಕಣವೊಂದು ಕಿರಣಕೊಳವೆಗೋ ಸಿಲಿಕಾನ್ ಪದರಕ್ಕೋ ಅದನ್ನು ಹಿಡಿದಿಡುವ ಆಧಾರಕ್ಕೋ ಬಡಿದರೆ ಅಲ್ಲೇ ಹಲವು ಗೆರೆಗಳು ಚಿಮ್ಮುತ್ತವೆ. ಫೋಟಾನ್ ಅಲ್ಲೇ ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಅದಕ್ಕಾಗಿ ಡಿಟೆಕ್ಟರಿನೊಳಗೆ ಎಲ್ಲೆಲ್ಲಿ ವಸ್ತು ಇದೆ ಎಂಬ ಮೂರು ಆಯಾಮದ ನಕ್ಷೆಯನ್ನು ದತ್ತಾಂಶದಿಂದಲೇ ತಯಾರಿಸಿ, ಅದರ ಮೇಲೆ ಬಿದ್ದ ಕವಲುಗಳನ್ನು ಬಿಡುತ್ತಾರೆ. ಅಟ್ಲಾಸ್‌ನ ಒಳಗಿನ ಪಿಕ್ಸೆಲ್ ಪದರ 33 ಮಿಲಿಮೀಟರಿನಲ್ಲಿದೆ. 10 ಜಿಇವಿ ಲೆಕ್ಕದ ಮೂರೂವರೆ ಸೆಂಟಿಮೀಟರ್ ಬೀಳುವುದೂ ಹೆಚ್ಚುಕಡಿಮೆ ಅಲ್ಲೇ. ಏನೂ ಇಲ್ಲದ ಖಾಲಿ ಜಾಗದಲ್ಲಿ ಎರಡು ಗೆರೆ ಹುಟ್ಟಿದ್ದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ.

ಎರಡೂವರೆ ಮೀಟರ್ ಹೋಗುವಂಥವಕ್ಕೆ ಸಿಎಂಎಸ್ ಬೇರೆ ಉಪಾಯ ಮಾಡಿದೆ. ಅದರ ಮ್ಯೂಆನ್ ಕೋಠಿಗಳ ನಡುವೆ ದಪ್ಪ ಉಕ್ಕು ಇದೆ. ‘ಎನ್’ ಅಲ್ಲಿ ಒಡೆದರೆ ಉಕ್ಕಿನಲ್ಲಿ ಕಣಗಳ ಸುರಿಮಳೆಯಾಗಿ ಒಂದೇ ಕೋಠಿಯಲ್ಲಿ ನೂರಾರು ಚುಕ್ಕೆ ಮೂಡುತ್ತವೆ. ಒಳಗಿನ ಉಕ್ಕೇ ಉಳಿದ ಕಣಗಳನ್ನು ತಡೆದಿರುವುದರಿಂದ ಆ ಜಾಗ ಬಹಳ ಶುಭ್ರ.

ಪ್ರಶ್ನೆ: ‘ಎನ್’ ಒಡೆದಾಗ ಒಂದು ನ್ಯೂಟ್ರಿನೊ ಕಾಣದಂತೆ ತಪ್ಪಿಸಿಕೊಳ್ಳುತ್ತದೆ. ಮತ್ತೆ ತೂಕ ಅಳೆಯುವುದು ಹೇಗೆ?
– ಉಡುಪಿಯ ಓದುಗರು

ಉತ್ತರ: ನ್ಯೂಟ್ರಿನೊದ ಸಂವೇಗದಲ್ಲಿ ಗೊತ್ತಿಲ್ಲದ ಅಂಕಿ ಮೂರು. ಡಿಕ್ಕಿಯ ಜಾಗದಿಂದ ಕವಲಿಗೆ ಗೆರೆ ಎಳೆದರೆ ‘ಎನ್’ ಹೋದ ದಿಕ್ಕು ಸಿಕ್ಕಿತು. ಆ ದಿಕ್ಕಿಗೆ ಅಡ್ಡಲಾಗಿ ಕಾಣುವ ಲೆಪ್ಟಾನುಗಳ ಸಂವೇಗ ಎಷ್ಟಿದೆಯೋ ನ್ಯೂಟ್ರಿನೊದ್ದು ಅಷ್ಟೇ, ಎದುರು ದಿಕ್ಕಿನಲ್ಲಿ. ಎರಡು ಅಂಕಿ ಬಗೆಹರಿದವು. ಮೂರನೆಯದಕ್ಕೆ ಮೊದಲ ಲೆಪ್ಟಾನನ್ನೂ ಸೇರಿಸಿ ಎಲ್ಲದರ ಒಟ್ಟು ತೂಕ ಡಬ್ಲ್ಯುವಿನ 80.4 ಆಗಲೇಬೇಕು ಎಂದು ಒತ್ತಾಯಿಸಬೇಕು. ವರ್ಗ ಸಮೀಕರಣ ಬರುತ್ತದೆ, ಎರಡು ಉತ್ತರ ಕೊಡುತ್ತದೆ. ಯಾವುದು ಸರಿ ಎನ್ನುವುದು ಸಿಮ್ಯುಲೇಶನ್ ನೋಡಿ ಆರಿಸುವ ವಿಷಯ. ಡಬ್ಲ್ಯುವಿನ ತೂಕಕ್ಕೇ ಸುಮಾರು 2 ಜಿಇವಿ ಅಗಲ (ಹರಡಿಕೆ) ಇರುವುದರಿಂದ ಶಿಖರ ತುಸು ಮಸುಕಾಗುತ್ತದೆ. ಕವಲು ತೀರಾ ಹತ್ತಿರವಿದ್ದರೆ ದಿಕ್ಕೇ ಸರಿಯಾಗಿ ಸಿಗದೆ ಲೆಕ್ಕ ಕೆಡುತ್ತದೆ.

ಪ್ರಶ್ನೆ: ಒಂದೇ ಚಾರ್ಜಿನ ಎರಡು ಲೆಪ್ಟಾನ್ ಸಿಕ್ಕರೆ ಅದು ದೊಡ್ಡ ಸುದ್ದಿ ಎನ್ನುತ್ತಾರೆ. ಯಾಕೆ?
– ಕಲಬುರಗಿಯ ಓದುಗರು

ಉತ್ತರ: ‘ಎನ್’ ತನಗೆ ತಾನೇ ಪ್ರತಿಕಣವಾಗಿದ್ದರೆ, ಅಂದರೆ ಮಯೊರಾನಾ ಬಗೆಯದಾದರೆ, ಧನ ಮ್ಯೂಆನ್ ಜೊತೆ ಹುಟ್ಟಿ ಇನ್ನೊಂದು ಧನ ಮ್ಯೂಆನ್ ಕೊಟ್ಟು ಒಡೆಯಬಹುದು. ಲೆಪ್ಟಾನ್ ಸಂಖ್ಯೆ (ಲೆಪ್ಟಾನುಗಳಿಂದ ಅವುಗಳ ಪ್ರತಿಕಣಗಳನ್ನು ಕಳೆದ ಲೆಕ್ಕ) ಉಳಿಯಬೇಕೆಂಬ ಕಟ್ಟಳೆ ಮುರಿಯಿತು. ಕ್ಯೂಂಗ್ ಮತ್ತು ಸೆಂಜಾನೊವಿಚ್ 1983ರಲ್ಲೇ ಈ ದಾರಿ ತೋರಿಸಿದ್ದರು. ಸಾಮಾನ್ಯ ಕ್ರಿಯೆಗಳಲ್ಲಿ ಒಂದೇ ಚಾರ್ಜಿನ ಜೋಡಿ ಅಪರೂಪ. ಎಲೆಕ್ಟ್ರಾನಿನಲ್ಲಿ ಮಾತ್ರ ಹುಷಾರಾಗಿರಬೇಕು: ಅದು ದಾರಿಯಲ್ಲಿ ಫೋಟಾನ್ ಉಗುಳಿ, ಆ ಫೋಟಾನ್ ಜೋಡಿಯಾಗಿ ಒಡೆದು, ಸಾಫ್ಟ್‌ವೇರ್ ತಪ್ಪು ಗೆರೆಯನ್ನು ಆರಿಸಿದರೆ ಚಾರ್ಜ್ ತಲೆಕೆಳಗಾಗುತ್ತದೆ. ಮ್ಯೂಆನಿನಲ್ಲಿ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ಪ್ರತಿ ಸಲವೂ ‘ಸಿಗಲಿಲ್ಲ’ ಎಂದೇ ವರದಿ. ಅದರಿಂದ ತಿಳಿದದ್ದಾದರೂ ಏನು? ಒಮ್ಮೆಯೂ ಸುಳಿವು ಸಿಕ್ಕಿಲ್ಲವೆ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಹಿನ್ನೆಲೆ ಸೊನ್ನೆ ಎನ್ನುವಷ್ಟು ಶುಭ್ರವಾದ ಹುಡುಕಾಟದಲ್ಲಿ ಒಂದೂ ಘಟನೆ ಸಿಗದಿದ್ದರೆ, ಸರಾಸರಿ 3ಕ್ಕಿಂತ ಹೆಚ್ಚು ನಿರೀಕ್ಷಿಸುವ ಯಾವ ಊಹೆಯನ್ನೂ ಶೇ 95ರ ಭರವಸೆಯಿಂದ ತಳ್ಳಿಹಾಕಬಹುದು. ಮೈಸೂರಿನವರಿಗೆ ಹಾಕಿಕೊಟ್ಟ ಲೆಕ್ಕದಲ್ಲಿ ಇಪ್ಪತ್ತು ಬರಬೇಕಿತ್ತು. ಬರಲಿಲ್ಲವೆಂದರೆ ಆ ತೂಕ, ಆ ಮಿಶ್ರಣದ ‘ಎನ್’ ಇಲ್ಲ. 1997ರಲ್ಲಿ, ಎಲ್‌ಎಚ್‌ಸಿಗೂ ಮೊದಲಿದ್ದ ಎಲ್‌ಇಪಿ ಯಂತ್ರದ ಡೆಲ್ಫಿ ಪ್ರಯೋಗ 3.5ರಿಂದ 50 ಜಿಇವಿವರೆಗೆ ಮಿಶ್ರಣವನ್ನು ಸುಮಾರು ಲಕ್ಷಕ್ಕೆ 2ರ ಕೆಳಗೆ ಒತ್ತಿತ್ತು. 10 ಜಿಇವಿಯ ಸುತ್ತ ಅಟ್ಲಾಸ್ ಮತ್ತು ಸಿಎಂಎಸ್ ಈಗ 10 ಲಕ್ಷಕ್ಕೆ 1ರ ಆಸುಪಾಸಿಗೆ, ಮ್ಯೂಆನಿನಲ್ಲಿ ಅದಕ್ಕೂ ಕೆಳಗೆ ಇಳಿಸಿವೆ. ಹೀಗೆ ತಳ್ಳಿದ ಪ್ರದೇಶ ತೂಕ–ಮಿಶ್ರಣಗಳ ನಕ್ಷೆಯಲ್ಲಿ ದ್ವೀಪದಂತೆ ಕಾಣುತ್ತದೆ. ಕೆಳಗೆ ಹುಟ್ಟುವುದೇ ಕಡಿಮೆ. ಮೇಲೆ, ಮಿಶ್ರಣ ಜಾಸ್ತಿಯಾಗಿ ‘ಎನ್’ 4 ಮಿಲಿಮೀಟರಿನೊಳಗೇ ಒಡೆದುಬಿಡುತ್ತದೆ. ಆ ಮೇಲಿನ ಭಾಗವನ್ನು ಮೂರು ಲೆಪ್ಟಾನುಗಳೂ ಡಿಕ್ಕಿಯ ಜಾಗದಿಂದಲೇ ಬಂದಂತೆ ಹುಡುಕುವ ವಿಧಾನ ತುಂಬುತ್ತದೆ.

ಸುಳಿವು ಬಂದಿತ್ತು. 2014ರಲ್ಲಿ ಸಿಎಂಎಸ್, 8 ಟಿಇವಿ ದತ್ತಾಂಶದಲ್ಲಿ ಎರಡು ಎಲೆಕ್ಟ್ರಾನ್ ಮತ್ತು ಎರಡು ಜೆಟ್‌ಗಳಿರುವ (ಜೆಟ್ ಎಂದರೆ ಒಂದೇ ದಿಕ್ಕಿಗೆ ಚಿಮ್ಮುವ ಕಣಗಳ ಗುಂಪು) ಘಟನೆಗಳನ್ನು ನೋಡುವಾಗ 2.1 ಟಿಇವಿ ಹತ್ತಿರ 4 ಬರಬೇಕಾದಲ್ಲಿ 14 ಕಂಡಿತು. ಇದು ಬರೇ ಆಕಸ್ಮಿಕವಲ್ಲ ಎಂಬ ಭರವಸೆಯ ಅಳತೆ 2.8 ಸಿಗ್ಮಾ. ಹೊಸ ಬಲಮುರಿ ಡಬ್ಲ್ಯು ಒಂದು ‘ಎನ್’ ಮೂಲಕ ಒಡೆದರೆ ಹೀಗೇ ಕಾಣಬೇಕು. ಆದರೆ ಮಯೊರಾನಾ ‘ಎನ್’ ಆಗಿದ್ದರೆ ಅರ್ಧದಷ್ಟರಲ್ಲಿ ಎರಡೂ ಎಲೆಕ್ಟ್ರಾನುಗಳ ಚಾರ್ಜ್ ಒಂದೇ ಇರಬೇಕಿತ್ತು, ಇದ್ದದ್ದು 14ರಲ್ಲಿ 1. ಮ್ಯೂಆನಿನಲ್ಲಿ ಏನೂ ಕಾಣಲಿಲ್ಲ. ಮುಂದೆ 13 ಟಿಇವಿಯಲ್ಲಿ ಆ ಉಬ್ಬು ಮರಳಲೇ ಇಲ್ಲ. ಅಂಥ ಡಬ್ಲ್ಯುವಿನ ತೂಕಕ್ಕೆ ಈಗಿನ ಕೆಳಮಿತಿ 5 ಟಿಇವಿ ಹತ್ತಿರ ಅಥವಾ ಅದಕ್ಕೂ ಮೇಲಿದೆ. ಈ ಕ್ಷೇತ್ರದಲ್ಲಿ 5 ಸಿಗ್ಮಾ ಬರುವವರೆಗೆ ಯಾರೂ ಸಿಹಿ ಹಂಚುವುದಿಲ್ಲ.

ಪ್ರಶ್ನೆ: ನಮ್ಮ ಕೆಜಿಎಫ್ ಗಣಿಯಲ್ಲಿ ಇಂಥದೇ ಕಣ ಕಂಡಿತ್ತು ಎಂದು ಹಿರಿಯರು ಹೇಳುತ್ತಾರೆ. ನಿಜವೆ?
– ಕೋಲಾರದ ಓದುಗರು

ಉತ್ತರ: ಕಂಡದ್ದು ನಿಜ, ಏನು ಕಂಡಿತು ಎಂಬುದು ಇತ್ಯರ್ಥವಾಗಿಲ್ಲ. ಕೆಜಿಎಫ್‌ನಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬೈಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್‌ಹ್ಯಾಮ್ ತಂಡಗಳು 1965ರಲ್ಲಿ ವಾತಾವರಣದ ನ್ಯೂಟ್ರಿನೊವನ್ನು ಮೊದಲು ಕಂಡವರ ಸಾಲಿಗೆ ಸೇರಿದವು. ಮುಂದೆ ಕೆಲವು ವಿಚಿತ್ರ ಘಟನೆಗಳು ದಾಖಲಾದವು, 1975ರಲ್ಲಿ ಪ್ರಕಟವಾದವು. ಎರಡು ಮೂರು ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವು ಕೂಡುವುದು ಬಂಡೆಯಲ್ಲಲ್ಲ, ಸುರಂಗದ ಗಾಳಿಯಲ್ಲಿ. ಬಂಡೆಯ ಸಾಂದ್ರತೆ ಗಾಳಿಗಿಂತ 2 ಸಾವಿರ ಪಟ್ಟಿಗೂ ಮಿಗಿಲು. ನ್ಯೂಟ್ರಿನೊ ಬಡಿಯುವುದಿದ್ದರೆ ಬಂಡೆಗೆ ಬಡಿಯಬೇಕು. ಆದ್ದರಿಂದ ಬಂಡೆಯಲ್ಲಿ ಹುಟ್ಟಿ ಗಾಳಿಯಲ್ಲಿ ಒಡೆದ 2ರಿಂದ 5 ಜಿಇವಿಯ, ಸೆಕೆಂಡಿನ 100 ಕೋಟಿಯಲ್ಲೊಂದು ಭಾಗದಷ್ಟು ಬದುಕುವ ಹೊಸ ಕಣ ಇರಬಹುದೆಂದು ತಂಡ ಸೂಚಿಸಿತು. ಅಟ್ಲಾಸ್‌ನವರು ವಸ್ತುವಿನ ನಕ್ಷೆ ಹಿಡಿದು ಮಾಡುವುದೂ ಇದೇ ತರ್ಕ.

ಕುತೂಹಲಕ್ಕೆ: 5 ಜಿಇವಿಯ ‘ಎನ್’ಗೆ ಆ ಆಯಸ್ಸು ಬರಬೇಕಾದರೆ ಮಿಶ್ರಣ 10 ಲಕ್ಷಕ್ಕೆ 1 ಇರಬೇಕು. ಆದರೆ ಅಷ್ಟು ಕಡಿಮೆ ಮಿಶ್ರಣದಲ್ಲಿ 10 ಲಕ್ಷ ನ್ಯೂಟ್ರಿನೊ ಘಟನೆಗೆ ಒಂದು ‘ಎನ್’ ಸಿಗಬೇಕು. ಗಣಿಯಲ್ಲಿ ಕಂಡ ಒಟ್ಟು ನ್ಯೂಟ್ರಿನೊ ಘಟನೆಗಳೇ ಕೆಲವು ಹತ್ತು, ವಿಚಿತ್ರವಾದವು ಬೆರಳೆಣಿಕೆ. ಎರಡಕ್ಕೂ ತಾಳೆಯಾಗುವುದಿಲ್ಲ. ಅಮೆರಿಕದ ಫರ್ಮಿಲ್ಯಾಬ್ ಮತ್ತು ಜಿನೀವಾದ ಸರ್ನ್‌ನ ನ್ಯೂಟ್ರಿನೊ ಕಿರಣಗಳಲ್ಲಿ ಹುಡುಕಿದಾಗಲೂ ಸಿಗಲಿಲ್ಲ. ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ ಇದು ಕಪ್ಪು ದ್ರವ್ಯದ ಕಣ ಒಡೆದದ್ದಿರಬಹುದೇ ಎಂದು ಮತ್ತೆ ಕೆದಕಿದರು. ನಮ್ಮ ಅಭಿಪ್ರಾಯ ಕೇಳಿದರೆ, ಇದು ಭಾರದ ನ್ಯೂಟ್ರಿನೊ ಅಲ್ಲ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಮನೆಯ ಲ್ಯಾಪ್‌ಟಾಪಿನಲ್ಲೇ ‘ಎನ್’ ಸಿಮ್ಯುಲೇಶನ್ ಮಾಡಬಹುದೆ? ಎಲ್ಲಿ ಎಡವುತ್ತೇವೆ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಧಾರಾಳವಾಗಿ. ಡಿಕ್ಕಿಗಳನ್ನು ಲೆಕ್ಕ ಹಾಕುವ ಮ್ಯಾಡ್‌ಗ್ರಾಫ್ ತಂತ್ರಾಂಶಕ್ಕೆ ಹೆವಿ-ಎನ್ ಎಂಬ ಸಿದ್ಧ ಮಾದರಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೊದಲ ಭಾರದ ನ್ಯೂಟ್ರಿನೊ ಎನ್1, ಕಣಸಂಖ್ಯೆ 9900012. ಪ್ರೋಟಾನ್–ಪ್ರೋಟಾನ್‌ನಿಂದ ಮ್ಯೂಆನ್ ಮತ್ತು ಎನ್1 ಹುಟ್ಟಿಸಿ, ಮುಂದಿನ ಕಣಗಳ ಲೆಕ್ಕಕ್ಕೆ ಪಿಥಿಯಾ ತಂತ್ರಾಂಶಕ್ಕೆ ಕೊಟ್ಟು, ಡಿಟೆಕ್ಟರಿನ ಅನುಕರಣೆಗೆ ಡೆಲ್ಫಿಸ್ ತಂತ್ರಾಂಶ ಬಳಸಿ. 10 ಸಾವಿರ ಘಟನೆ ಶುರುವಿಗೆ ಸಾಕು.

ಎಡವುವ ಜಾಗಗಳು ಗೊತ್ತಿರಲಿ. ಬೇಡದ ಮಿಶ್ರಣಗಳನ್ನೆಲ್ಲ ಸೊನ್ನೆ ಮಾಡಿ, ಎನ್2 ಮತ್ತು ಎನ್3ರ ಮಿಶ್ರಣವನ್ನೂ. ತೂಕ ಅಥವಾ ಮಿಶ್ರಣ ಬದಲಿಸಿದಾಗಲೆಲ್ಲ ಎನ್1ರ ಅಗಲವನ್ನು (ಅದು ಹೆಚ್ಚಾದಷ್ಟೂ ಆಯಸ್ಸು ಕಡಿಮೆ) ‘ಆಟೊ’ಗೆ ಇಟ್ಟು ಮತ್ತೆ ಲೆಕ್ಕ ಹಾಕಿಸಿ, ಹಳೆಯ ಅಗಲ ಉಳಿದರೆ ಅಡ್ಡಕೊಯ್ತವೂ ಆಯಸ್ಸೂ ಎರಡೂ ತಪ್ಪು ಬರುತ್ತವೆ, ಪ್ರೋಗ್ರಾಂ ದೂರುವುದಿಲ್ಲ. ರನ್ ಕಾರ್ಡಿನಲ್ಲಿ ‘ಟೈಮ್ ಆಫ್ ಫ್ಲೈಟ್’ ಮೊದಲಿಗೆ ಮೈನಸ್ 1 ಇರುತ್ತದೆ. ಅದನ್ನು 0 ಮಾಡದಿದ್ದರೆ ‘ಎನ್’ ಹಾರಿದ ದೂರ ಫೈಲಿನಲ್ಲಿ ಬರೆಯುವುದೇ ಇಲ್ಲ, ಎಲ್ಲ ಕವಲುಗಳೂ ಸೊನ್ನೆಯಲ್ಲಿ ಕೂತಿರುತ್ತವೆ. ಡೆಲ್ಫಿಸ್‌ನ ಮೊದಲಿನ ಕಾರ್ಡುಗಳು ದೂರದ ಗೆರೆಗಳನ್ನು ಹತ್ತಿರದವಷ್ಟೇ ಚೆನ್ನಾಗಿ ಕಾಣುತ್ತವೆ ಎಂದುಕೊಳ್ಳುತ್ತವೆ. ದೂರಕ್ಕೆ ತಕ್ಕಂತೆ ದಕ್ಷತೆ ಇಳಿಸುವುದನ್ನು ನೀವೇ ಬರೆಯಬೇಕು. 5 ಜಿಇವಿಗಿಂತ ಕೆಳಗೆ ಹೋಗಬೇಡಿ. ಅಲ್ಲಿ ‘ಎನ್’ ಒಡೆದು ಬರುವುದು ಬಿಡಿ ಕ್ವಾರ್ಕುಗಳಲ್ಲ, ಪಯಾನ್, ರೋ ಮುಂತಾದ ಮೆಸಾನುಗಳು, ಅದಕ್ಕೆ ಬೇರೆ ಲೆಕ್ಕವೇ ಬೇಕು. ಎಲ್ಲ ಸರಿಯಾಗಿದೆಯೇ ನೋಡಲು 10 ಜಿಇವಿ, ಮಿಶ್ರಣ 10 ಲಕ್ಷಕ್ಕೆ 1 ಹಾಕಿ ಎನ್1ರ ಅಗಲದಿಂದ ಆಯಸ್ಸು ತೆಗೆಯಿರಿ. ಬೆಳಕಿನ ವೇಗದಿಂದ ಗುಣಿಸಿದಾಗ 1 ಸೆಂಟಿಮೀಟರಿನ ಹತ್ತಿರ ಬರಬೇಕು.